ಸೊನ್ನೆ ಎಲ್ಲಿದೆ ಅಂತ ಮೊದಲು ಕೇಳಿ: ವ್ಯಾಕ್ಯೂಮ್ ಅಳತೆಗಳನ್ನು ಬದಲಿಸಲು ಸಮಗ್ರ ಮಾರ್ಗದರ್ಶಿ

ಶಿರಸಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ನಾನು ಗೇಜಿನ ಮುಳ್ಳು ನೋಡುತ್ತ ಕೂತಿದ್ದೆ. ಬೆಳಿಗ್ಗೆ ಕಾರವಾರ ಬಿಟ್ಟು, ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ, ಐಸ್‌ಕ್ರೀಂ ಅಂಗಡಿಯೊಂದರ ಡೀಪ್ ಫ್ರೀಜರ್ ರಿಪೇರಿಗೆ ಹೋಗಿದ್ದೆ. ಪೈಪಿನ ಬೆಸುಗೆ (ಬ್ರೇಜಿಂಗ್) ಆಯ್ತು, ನೈಟ್ರೋಜನ್ ತುಂಬಿ ಲೀಕ್ ನೋಡಿದ್ದೂ ಆಯ್ತು. ಆಮೇಲೆ ಪೈಪಿನೊಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಹಚ್ಚಿದೆ. ಕಾರವಾರದಲ್ಲಾದರೆ ಸ್ವಲ್ಪ ಹೊತ್ತಿಗೆ ಮುಳ್ಳು 30 ಇಂಚಿನ (ಪಾದರಸದ ಇಂಚು) ಗೆರೆಗೆ ಹೋಗಿ ಅಂಟಿಕೊಳ್ಳುತ್ತದೆ. ಇಲ್ಲಿ 28ರ ಹತ್ತಿರ ಬಂತು. ಅಲ್ಲೇ ನಿಂತಿತು.

ಲೀಕ್ ಇರಬೇಕು ಅಂದುಕೊಂಡೆ. ಹೋಸ್ ಬದಲಿಸಿದೆ. ಫ್ಲೇರ್ ನಟ್‌ಗಳನ್ನು ಮತ್ತೆ ಬಿಗಿ ಮಾಡಿದೆ. ಪಂಪಿನ ಎಣ್ಣೆಯನ್ನೂ ಬದಲಿಸಿದೆ. ಅಂಗಡಿಯ ಯಜಮಾನರು ಎರಡು ಸಲ ಚಾ ಕೊಟ್ಟರು. ಮೂರನೇ ಸಲ ಬರಿಗೈಯಲ್ಲಿ ಬಂದು, "ಎಂತ ಮಾರಾಯಾ, ಇನ್ನೂ ಆಗಲಿಲ್ವಾ?" ಅಂದರು. ಎರಡು ತಾಸು ಹೋಗಿತ್ತು. ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

ಲೀಕ್ ಇರಲೇ ಇಲ್ಲ. ಶಿರಸಿಯಲ್ಲಿ ಆ ಮುಳ್ಳು ಎಷ್ಟು ಹೋಗಬಹುದೋ ಅಷ್ಟು ಆಗಲೇ ಹೋಗಿತ್ತು. ಇನ್ನು ಎರಡು ದಿನ ಪಂಪ್ ಓಡಿಸಿದ್ದರೂ ಅದು 30ಕ್ಕೆ ಬರುತ್ತಿರಲಿಲ್ಲ.

ಒತ್ತಡದ ಅಳತೆಗಳನ್ನು ಟಾರ್‌ನಿಂದ ಪಾಸ್ಕಲ್‌ಗೆ, ಇಂಚಿನಿಂದ ಮಿಲಿಬಾರಿಗೆ ಬದಲಿಸುವುದು ಫೋನಿನ ಕೆಲಸ. ಎಷ್ಟರಿಂದ ಗುಣಿಸಬೇಕು ಅಂತ ಅದಕ್ಕೆ ಗೊತ್ತು. ಆದರೆ ನಿಮ್ಮ ಗೇಜ್ ಎಲ್ಲಿಂದ ಎಣಿಸುತ್ತಿದೆ, ನೀವು ಘಟ್ಟದ ಮೇಲಿದ್ದೀರೋ ಕೆಳಗಿದ್ದೀರೋ, ಅದಕ್ಕೆ ಗೊತ್ತಿಲ್ಲ. ವ್ಯಾಕ್ಯೂಮ್ ಲೆಕ್ಕದಲ್ಲಿ ನಾನು ಕಂಡ ತಪ್ಪುಗಳಲ್ಲಿ ಬಹಳಷ್ಟು ಗುಣಾಕಾರದ ತಪ್ಪುಗಳಲ್ಲ, ಸೊನ್ನೆಯ ತಪ್ಪುಗಳು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಗೇಜ್ ಎಲ್ಲಿಂದ ಎಣಿಸುತ್ತಿದೆ?

ಬಾವಿಯನ್ನು ನೆನಪಿಸಿಕೊಳ್ಳಿ. ನೀರು ಎಷ್ಟಿದೆ ಅಂತ ಕೇಳಿದರೆ ಎರಡು ರೀತಿ ಹೇಳಬಹುದು. "ಕಟ್ಟೆಯಿಂದ 12 ಅಡಿ ಕೆಳಗಿದೆ" ಅನ್ನಬಹುದು. "ತಳದಿಂದ 8 ಅಡಿ ನಿಂತಿದೆ" ಅಂತಲೂ ಅನ್ನಬಹುದು. ಎರಡೂ ಸರಿ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬಾವಿಯ ಒಟ್ಟು ಆಳ ಗೊತ್ತಿರಬೇಕು. ಅಡಿಯನ್ನು ಮೀಟರ್ ಮಾಡಿದ ಮಾತ್ರಕ್ಕೆ ಈ ಲೆಕ್ಕ ಬಗೆಹರಿಯುವುದಿಲ್ಲ.

ವ್ಯಾಕ್ಯೂಮ್‌ನಲ್ಲಿ ಕಟ್ಟೆ ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ತಳ ಅಂದರೆ ಏನೂ ಇಲ್ಲದ, ಪೂರ್ತಿ ಖಾಲಿ ಜಾಗ. ಮುಳ್ಳಿನ ಗೇಜುಗಳು ಹೆಚ್ಚಾಗಿ ಕಟ್ಟೆಯಿಂದ ಕೆಳಕ್ಕೆ ಎಣಿಸುತ್ತವೆ. ಹೊರಗಿನ ಗಾಳಿಗಿಂತ ಎಷ್ಟು ಕಡಿಮೆ ಅನ್ನುವುದೊಂದೇ ಅವುಗಳ ಲೆಕ್ಕ. ಇದಕ್ಕೆ ಗೇಜ್ ಒತ್ತಡ ಅನ್ನುತ್ತಾರೆ. ತೀರ ಕಡಿಮೆ ಒತ್ತಡ ಅಳೆಯುವ ಮೈಕ್ರಾನ್ ಗೇಜ್, ಪಂಪಿನ ಮೇಲಿನ ಪ್ಲೇಟು, ಲ್ಯಾಬಿನ ಉಪಕರಣಗಳು ತಳದಿಂದ ಮೇಲಕ್ಕೆ ಎಣಿಸುತ್ತವೆ. ಒಳಗೆ ಇನ್ನೂ ಎಷ್ಟು ಉಳಿದಿದೆ ಅಂತ ಹೇಳುತ್ತವೆ. ಇದು ಅಬ್ಸಲ್ಯೂಟ್ ಒತ್ತಡ.

ನಿಮ್ಮ ಕೈಯಲ್ಲಿರುವುದು ಯಾವುದು ಅಂತ ತಿಳಿಯಲು ಪುಸ್ತಕ ಬೇಡ. ಹೋಸ್ ಬಿಚ್ಚಿ, ಗೇಜಿನ ಬಾಯಿ ಗಾಳಿಗೆ ತೆರೆದಿಡಿ. 0 ತೋರಿಸಿದರೆ ಕಟ್ಟೆಯಿಂದ ಎಣಿಸುವ ಗೇಜ್. 760, 1013, 100 ಈ ಥರದ ಸಂಖ್ಯೆಯ ಆಸುಪಾಸು ತೋರಿಸಿದರೆ ಅಥವಾ "ಅಳತೆ ಮೀರಿದೆ" ಅಂದರೆ ತಳದಿಂದ ಎಣಿಸುವುದು. ಕಾಗದದ ಮೇಲೆ ಬರೀ ಸಂಖ್ಯೆ ಇದ್ದರೆ ಮೈನಸ್ ಚಿಹ್ನೆ ಹುಡುಕಿ. ತಳಕ್ಕಿಂತ ಕೆಳಗೆ ಏನೂ ಇಲ್ಲ, ಹಾಗಾಗಿ ಅಬ್ಸಲ್ಯೂಟ್ ಒತ್ತಡಕ್ಕೆ ಮೈನಸ್ ಬರುವುದೇ ಇಲ್ಲ. ಮೈನಸ್ ಕಂಡರೆ ಅದು ಗೇಜ್ ಒತ್ತಡವೇ.

ಇದರಲ್ಲಿ ತಲೆ ಕೆಡಿಸುವ ಒಂದು ಸಂಗತಿ ಇದೆ. "29 ಇಂಚು ವ್ಯಾಕ್ಯೂಮ್" ಅಂದರೂ "ಮೈನಸ್ 29 ಇಂಚು" ಅಂದರೂ ಒಂದೇ, ಒಳಗೆ ಹೆಚ್ಚೇನೂ ಉಳಿದಿಲ್ಲ. ಆದರೆ "29 ಇಂಚು ಅಬ್ಸಲ್ಯೂಟ್" ಅಂದರೆ ಸಮುದ್ರ ಮಟ್ಟದಲ್ಲಿ ಪಂಪ್ ಇನ್ನೇನು ಶುರುವಾಗಿದೆ ಅಷ್ಟೆ. ಸಂಖ್ಯೆ ಒಂದೇ, ಅರ್ಥ ಪೂರ್ತಿ ಉಲ್ಟಾ.

ಹೆಜ್ಜೆ 2: ನಿಮ್ಮೂರಿನ ಬಾವಿ ಎಷ್ಟು ಆಳ?

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 1013.25 ಮಿಲಿಬಾರ್ ಅಂತ ಜಗತ್ತೆಲ್ಲ ಒಪ್ಪಿಕೊಂಡಿದೆ. ಪಾದರಸದ ಲೆಕ್ಕದಲ್ಲಿ ಅದು 760 ಮಿಲಿಮೀಟರ್, ಅಂದರೆ 29.92 ಇಂಚು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಲ್ಲಾ ಕಡೆ ಇದನ್ನೇ ಹಿಡಿಯಬಹುದು. ಮಳೆಗಾಲದಲ್ಲಿ ಕೆಲವು ಮಿಲಿಬಾರ್ ಕಡಿಮೆ ಇರುತ್ತದೆ, ಆದರೆ ಮುಳ್ಳಿನ ಗೇಜಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ.

ಶಿರಸಿ ಸಮುದ್ರಕ್ಕಿಂತ ಸುಮಾರು 590 ಮೀಟರ್ ಎತ್ತರದಲ್ಲಿದೆ. ನಮ್ಮ ಎತ್ತರಗಳಲ್ಲಿ ಪ್ರತಿ 100 ಮೀಟರಿಗೆ ಸುಮಾರು 11.7 ಮಿಲಿಬಾರ್ ಇಳಿಯುತ್ತದೆ ಅಂತ ಹಿಡಿದರೆ ಸಾಕು. ಆ ಲೆಕ್ಕಕ್ಕೆ ಶಿರಸಿಯ ಗಾಳಿ ಸುಮಾರು 944 ಮಿಲಿಬಾರ್. ಪಾದರಸದಲ್ಲಿ 708 ಮಿಲಿಮೀಟರ್, 27.9 ಇಂಚು. ಅಂದರೆ ಅಲ್ಲಿಯ ಬಾವಿಯೇ ಎರಡು ಇಂಚು ಗಿಡ್ಡ. 27.9 ಇಂಚಿಗೆ ತಳ ಸಿಗುವಾಗ 30 ಇಂಚು ಇಳಿಯುವುದು ಎಲ್ಲಿಂದ? ನಾನು ಆ ದಿನ ತಳ ತಾಗಿದ ಕೊಡಪಾನಕ್ಕೆ ಇನ್ನಷ್ಟು ಹಗ್ಗ ಬಿಡುತ್ತ ಕೂತಿದ್ದೆ.

ಇದು ಹೊಸ ವಿಷಯವೇನಲ್ಲ. 1643ರ ಹೊತ್ತಿಗೆ ಇಟಲಿಯ ಟಾರಿಚೆಲ್ಲಿ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ ಬೋರಲು ಹಾಕಿದಾಗ ಅದು ಸುಮಾರು 76 ಸೆಂಟಿಮೀಟರ್ ಎತ್ತರಕ್ಕೆ ನಿಂತಿತು. ಟಾರ್ ಅನ್ನುವ ಹೆಸರು ಬಂದದ್ದು ಅವನಿಂದ. ಫ್ರಾನ್ಸಿನ ಪಾಸ್ಕಲ್‌ಗೆ ಬೆಟ್ಟದ ಮೇಲೆ ಇದು ಎಷ್ಟು ನಿಲ್ಲುತ್ತದೆ ಅಂತ ನೋಡಬೇಕಿತ್ತು. 1648ರಲ್ಲಿ ಅವನ ಪರವಾಗಿ ಪ್ಯೂಯಿ ದ ದೋಮ್ ಅನ್ನುವ ಬೆಟ್ಟಕ್ಕೆ ಕೊಳವೆ ಹೊತ್ತುಕೊಂಡು ಹತ್ತಿದ್ದು ಅವನ ಅಕ್ಕನ ಗಂಡ ಪೆರಿಯೇ. ಭಾವನನ್ನು ಬೆಟ್ಟ ಹತ್ತಿಸಿ ತಾನು ಪ್ಯಾರಿಸ್ಸಿನಲ್ಲಿ ಉಳಿದ! ತುದಿಯಲ್ಲಿ ಪಾದರಸ ಸುಮಾರು ಎಂಟೂವರೆ ಸೆಂಟಿಮೀಟರ್ ಕಡಿಮೆ ನಿಂತಿತ್ತು. ದೇವಿಮನೆ ಹತ್ತಿ ಶಿರಸಿಗೆ ಹೋದರೆ ಐದು ಸೆಂಟಿಮೀಟರ್ ಕಡಿಮೆ ನಿಲ್ಲುತ್ತದೆ. ಪಾಸ್ಕಲ್ ಹೆಸರು ಅಧಿಕೃತ ಮಾನಕ್ಕೆ ಸಿಕ್ಕಿದ್ದು 1971ರಲ್ಲಿ.

ನಿಮ್ಮೂರಿನ ಸಂಖ್ಯೆ ಬೇಕಿದ್ದರೆ ಫೋನಿನಲ್ಲಿ ಬ್ಯಾರೋಮೀಟರ್ ಸೆನ್ಸರ್ ಇದೆಯಾ ನೋಡಿ. ಇದ್ದರೆ ಅದು ನೀವು ನಿಂತ ಜಾಗದ ಒತ್ತಡವನ್ನೇ ತೋರಿಸುತ್ತದೆ. ಆದರೆ ಹವಾಮಾನದ ಆ್ಯಪ್ ನೋಡಿ ಮೋಸ ಹೋಗಬೇಡಿ. ಶಿರಸಿಯಲ್ಲಿ ನಿಂತು ನೋಡಿದರೂ ಅದು 1010ರ ಆಸುಪಾಸು ಏನೋ ಹೇಳುತ್ತದೆ. ಊರೂರುಗಳನ್ನು ಹೋಲಿಸಲು ಅನುಕೂಲ ಆಗಲಿ ಅಂತ ಹವಾಮಾನದವರು ಎಲ್ಲವನ್ನೂ ಸಮುದ್ರ ಮಟ್ಟಕ್ಕೆ ಇಳಿಸಿ ಬರೆಯುತ್ತಾರೆ. ಮಳೆ ನೋಡಲು ಅದು ಸರಿ. ನಮ್ಮ ಪಂಪಿಗೆ ಅದರಿಂದ ಉಪಯೋಗ ಇಲ್ಲ.

ಹೆಜ್ಜೆ 3: ಎಲ್ಲವನ್ನೂ ಪಾಸ್ಕಲ್‌ಗೆ ತನ್ನಿ

ಹತ್ತು ಅಳತೆಗಳಿದ್ದರೆ ಒಂದರಿಂದ ಇನ್ನೊಂದಕ್ಕೆ ತೊಂಬತ್ತು ಸೂತ್ರ ಆಗುತ್ತವೆ. ಯಾರಿಗೆ ಬೇಕು? ಕಾರವಾರದಿಂದ ಹುಬ್ಬಳ್ಳಿಗೆ ಹೋಗುವವರೂ ಕುಮಟಾಕ್ಕೆ ಹೋಗುವವರೂ ಅಂಕೋಲಾ ಹಾಯ್ದೇ ಹೋಗುತ್ತಾರೆ. ಪಾಸ್ಕಲ್ ಹಾಗೆ ನಮ್ಮ ಅಂಕೋಲಾ. ಮೊದಲು ಅಲ್ಲಿಗೆ ಬನ್ನಿ, ಅಲ್ಲಿಂದ ಬೇಕಾದ ಕಡೆ ಹೋಗಿ.

ಈ ಪಟ್ಟಿಯನ್ನು ಟೂಲ್‌ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿಕೊಂಡರೆ ಸಾಕು:

1 ಮೈಕ್ರಾನ್ = 0.13332 ಪಾಸ್ಕಲ್ (ಟಾರ್‌ನ ಸಾವಿರದಲ್ಲಿ ಒಂದು ಪಾಲು)
1 ಮಿಲಿಮೀಟರ್ ನೀರು = 9.807 ಪಾಸ್ಕಲ್
1 ಮಿಲಿಬಾರ್ = 100 ಪಾಸ್ಕಲ್ (ಹೆಕ್ಟೋಪಾಸ್ಕಲ್ ಅಂದರೂ ಇದೇ)
1 ಟಾರ್ = 133.32 ಪಾಸ್ಕಲ್ (ಮಿಲಿಮೀಟರ್ ಪಾದರಸವೂ ಇಷ್ಟೇ)
1 ಕಿಲೋಪಾಸ್ಕಲ್ = 1,000 ಪಾಸ್ಕಲ್
1 ಇಂಚು ಪಾದರಸ = 3,386.4 ಪಾಸ್ಕಲ್
1 ಪಿಎಸ್‌ಐ = 6,894.8 ಪಾಸ್ಕಲ್
1 ಕೆಜಿ ಪ್ರತಿ ಚದರ ಸೆಂಟಿಮೀಟರ್ = 98,066.5 ಪಾಸ್ಕಲ್
1 ಬಾರ್ = 1,00,000 ಪಾಸ್ಕಲ್
1 ಅಟ್ಮಾಸ್ಫಿಯರ್ = 1,01,325 ಪಾಸ್ಕಲ್
1 ಮೆಗಾಪಾಸ್ಕಲ್ = 10,00,000 ಪಾಸ್ಕಲ್

ಪಾಸ್ಕಲ್‌ಗೆ ಬರುವಾಗ ಗುಣಿಸಿ, ಪಾಸ್ಕಲ್‌ನಿಂದ ಹೊರಡುವಾಗ ಭಾಗಿಸಿ. ಉದಾಹರಣೆಗೆ ಪಂಪಿನ ಪ್ಲೇಟಿನ ಮೇಲೆ "2 ಪಾಸ್ಕಲ್" ಅಂತಿದೆ, ನಮಗೆ ಮೈಕ್ರಾನ್ ಬೇಕು. 2 ಅನ್ನು 0.13332ರಿಂದ ಭಾಗಿಸಿದರೆ 15. ಅಂದರೆ ಆ ಪಂಪ್ ಬೇರೆ ಏನನ್ನೂ ಜೋಡಿಸದೆ ಒಂಟಿಯಾಗಿ ಓಡಿದರೆ ಹೆಚ್ಚೆಂದರೆ 15 ಮೈಕ್ರಾನ್‌ವರೆಗೆ ಇಳಿಯುತ್ತದೆ.

ಕ್ಯಾಲ್ಕುಲೇಟರ್ ತೆಗೆಯದೆ ಬಾಯಿಲೆಕ್ಕಕ್ಕೆ ನಾನು ಇಟ್ಟುಕೊಂಡಿರುವ ಉಪಾಯಗಳೂ ಇವೆ. ಮಿಲಿಬಾರಿನ ಮುಕ್ಕಾಲು ಭಾಗ ಟಾರ್. 100 ಮಿಲಿಬಾರ್ ಅಂದರೆ 75 ಟಾರ್. ಟಾರ್‌ಗೆ ಅದರ ಮೂರನೇ ಒಂದು ಭಾಗ ಕೂಡಿಸಿದರೆ ಮಿಲಿಬಾರ್. ಪಾಸ್ಕಲ್ ಅನ್ನು ಏಳೂವರೆಯಿಂದ ಗುಣಿಸಿದರೆ ಮೈಕ್ರಾನ್. ಒಂದು ಇಂಚು ಪಾದರಸಕ್ಕೆ 34 ಮಿಲಿಬಾರ್. ಒಂದು ಪಿಎಸ್‌ಐಗೆ ಎರಡು ಇಂಚು ಪಾದರಸ. ಇವೆಲ್ಲ ಎರಡು ಪರ್ಸೆಂಟ್ ಒಳಗೆ ಸರಿ. ಮುಳ್ಳಿನ ಗೇಜಿನ ತಪ್ಪು ಇದಕ್ಕಿಂತ ಜಾಸ್ತಿ ಇರಬಹುದು, ಹಾಗಾಗಿ ನಾಲ್ಕು ದಶಾಂಶ ಸ್ಥಾನಕ್ಕೆ ಗುದ್ದಾಡುವುದು ಸುಮ್ನೆ.

ಹೆಜ್ಜೆ 4: ಸೊನ್ನೆ ಬದಲಿಸಿ

ಗೇಜ್ ಒತ್ತಡದಿಂದ ಅಬ್ಸಲ್ಯೂಟ್‌ಗೆ ಹೋಗುವಾಗ ನಿಮ್ಮೂರಿನ ಗಾಳಿಯ ಒತ್ತಡದಿಂದ ಗೇಜ್ ತೋರಿಸುವ ವ್ಯಾಕ್ಯೂಮನ್ನು (ಮೈನಸ್ ಚಿಹ್ನೆ ಬಿಟ್ಟು) ಕಳೆಯಿರಿ. ಎರಡೂ ಪಾಸ್ಕಲ್‌ನಲ್ಲೇ ಇರಲಿ. ಇಂಚಿನಿಂದ ಮಿಲಿಬಾರ್ ಕಳೆದು ಕೂತವರನ್ನೂ ನೋಡಿದ್ದೇನೆ.

ಗೇಜ್ 25 ಇಂಚು ವ್ಯಾಕ್ಯೂಮ್ ತೋರಿಸುತ್ತಿದೆ ಅಂತ ಇಟ್ಟುಕೊಳ್ಳಿ. 25 × 3,386.4 = 84,660 ಪಾಸ್ಕಲ್. ಕಾರವಾರದಲ್ಲಿ 1,01,325ರಿಂದ ಇದನ್ನು ಕಳೆದರೆ 16,665 ಪಾಸ್ಕಲ್ ಉಳಿಯಿತು. ಅಂದರೆ ಸುಮಾರು 167 ಮಿಲಿಬಾರ್, ಅಥವಾ 125 ಟಾರ್. ಶಿರಸಿಯಲ್ಲಿ ಅದೇ ಗೇಜ್, ಅದೇ 25. ಆದರೆ ಕಳೆಯಬೇಕಾದದ್ದು 94,400ರಿಂದ. ಉಳಿದದ್ದು 9,740 ಪಾಸ್ಕಲ್. ಸುಮಾರು 97 ಮಿಲಿಬಾರ್, 73 ಟಾರ್.

ಒಂದೇ 25. ಆದರೂ ಶಿರಸಿಯ ಪೈಪಿನೊಳಗೆ ಕಾರವಾರದ ಪೈಪಿಗಿಂತ ಶೇಕಡಾ 40ರಷ್ಟು ಕಡಿಮೆ ಒತ್ತಡ. ಇದು ಬರೀ ಕಾಗದದ ಲೆಕ್ಕ ಅಲ್ಲ. 125 ಟಾರ್‌ನಲ್ಲಿ ನೀರು ಸುಮಾರು 56 ಡಿಗ್ರಿಗೆ ಕುದಿಯುತ್ತದೆ, 73 ಟಾರ್‌ನಲ್ಲಿ 45 ಡಿಗ್ರಿಗೇ ಕುದಿಯುತ್ತದೆ. ವ್ಯಾಕ್ಯೂಮ್‌ನಲ್ಲಿ ಹಣ್ಣು ಒಣಗಿಸುವವರು, ರಸ ಬತ್ತಿಸುವವರು ಘಟ್ಟದ ಕೆಳಗಿನ ಪಾಕವನ್ನು ಮೇಲೆ ತಂದು ಅದೇ ಮುಳ್ಳಿಗೆ ನಿಲ್ಲಿಸಿದರೆ ಬೇರೆಯದೇ ಪದಾರ್ಥ ಆಗುತ್ತದೆ.

ಇನ್ನೊಂದು ಉದಾಹರಣೆ ಕಾರವಾರದ ಬೈತಖೋಲ್ ಬಂದರಿನ ಕಡೆಯಿಂದ. ಮೀನು ಪ್ಯಾಕ್ ಮಾಡುವ ವ್ಯಾಕ್ಯೂಮ್ ಮೆಷಿನ್‌ಗಳ ಗೇಜಿನ ಮೇಲೆ ಹೆಚ್ಚಾಗಿ ಮೆಗಾಪಾಸ್ಕಲ್ ಇರುತ್ತದೆ. 0ಯಿಂದ ಮೈನಸ್ 0.1ವರೆಗೆ. ಕೆಲಸಕ್ಕೆ "ಮೈನಸ್ 0.095ಕ್ಕೆ ಇಡಿ" ಅಂತ ಹೇಳಿರುತ್ತಾರೆ ಅಂದುಕೊಳ್ಳಿ. ಅದು 95,000 ಪಾಸ್ಕಲ್. ಕಾರವಾರದಲ್ಲಿ ಕಳೆದರೆ 6,325 ಪಾಸ್ಕಲ್ ಉಳಿಯುತ್ತದೆ, ಅಂದರೆ 63 ಮಿಲಿಬಾರ್. ಒಳ್ಳೆಯ ಪ್ಯಾಕಿಂಗ್. ಅದೇ ಮೆಷಿನನ್ನು ಹಲಸಿನ ಚಿಪ್ಸಿಗೋ ಅಪ್ಪೆಮಿಡಿಗೋ ಅಂತ ಶಿರಸಿಗೆ ತಂದರೆ? 94,400ರಿಂದ 95,000 ಕಳೆಯಲು ಬರುವುದಿಲ್ಲ. ಮೆಷಿನ್ ಆ ಮುಳ್ಳಿಗೆ ಕಾಯುತ್ತ ಓಡುತ್ತಲೇ ಇರುತ್ತದೆ, ಸೀಲ್ ಮಾಡುವುದಿಲ್ಲ. ಕಾರವಾರದಷ್ಟೇ ಗಾಳಿ ಉಳಿಯಬೇಕು ಅಂದರೆ 94,400ರಿಂದ 6,325 ಕಳೆಯಿರಿ. 88,000 ಚಿಲ್ಲರೆ ಬಂತು. ಹಾಗಾಗಿ ಮೈನಸ್ 0.088ಕ್ಕೆ ಇಟ್ಟರೆ ಕೆಲಸ ಆಗುತ್ತದೆ. ಮೆಷಿನ್ ಕೆಟ್ಟಿದೆ ಅಂತ ಮೆಕ್ಯಾನಿಕನನ್ನು ಕರೆಯುವ ಮೊದಲು ಇಷ್ಟು ನೋಡಿ. ಮೆಕ್ಯಾನಿಕ್ ನಾನೇ ಆದರೂ ಹೇಳುತ್ತಿದ್ದೇನೆ.

ಪರ್ಸೆಂಟಿನಲ್ಲಿ ವ್ಯಾಕ್ಯೂಮ್ ಹೇಳುವವರೂ ಇದ್ದಾರೆ. "90 ಪರ್ಸೆಂಟ್ ವ್ಯಾಕ್ಯೂಮ್" ಅಂದರೆ ಗಾಳಿಯ ಒತ್ತಡದ ಹತ್ತರಲ್ಲಿ ಒಂದು ಪಾಲು ಉಳಿದಿದೆ ಅಂತ. ಯಾವ ಊರಿನ ಗಾಳಿ ಅಂತ ಮಾತ್ರ ಹೇಳುವುದಿಲ್ಲ. ಕಾರವಾರದಲ್ಲಿ ಅದಕ್ಕೆ ಮುಳ್ಳು 26.9 ಇಂಚಿಗೆ ಬರಬೇಕು, ಶಿರಸಿಯಲ್ಲಿ 25.1ಕ್ಕೇ ಆಯ್ತು. ಈ ಅಳತೆ ನನಗೆ ಇಷ್ಟವಿಲ್ಲ.

ಎಸಿ, ಫ್ರಿಜ್ ಕೆಲಸದವರಿಗೆ: ಇಂಚು ಸಾಲದು, ಮೈಕ್ರಾನ್ ಬೇಕು

ಗ್ಯಾಸ್ ಹಾಕುವ ಮೊದಲು 500 ಮೈಕ್ರಾನ್‌ವರೆಗೆ ವ್ಯಾಕ್ಯೂಮ್ ಮಾಡಬೇಕು ಅನ್ನುವುದು ನಮ್ಮ ಕಸುಬಿನ ಮಾಮೂಲು ನಿಯಮ. ನಾವು ಮಾಮೂಲಾಗಿ ಹಚ್ಚುವ ಮುಳ್ಳಿನ ಗೇಜಿನಲ್ಲಿ (ಮ್ಯಾನಿಫೋಲ್ಡ್ ಗೇಜ್) ಅದು ಎಷ್ಟು ಇಂಚು? ಲೆಕ್ಕ ಹಾಕಿ. 500 × 0.13332 = 66.66 ಪಾಸ್ಕಲ್. ಅದನ್ನು 3,386.4ರಿಂದ ಭಾಗಿಸಿದರೆ 0.02 ಇಂಚು. ಇದು ತಳದಿಂದ. ಕಾರವಾರದಲ್ಲಿ ಕಟ್ಟೆಯಿಂದ ನೋಡಿದರೆ 29.92 − 0.02 = 29.90.

ಈಗ ಹತ್ತು ಪಟ್ಟು ಕೆಟ್ಟ ವ್ಯಾಕ್ಯೂಮ್ ನೋಡಿ, 5,000 ಮೈಕ್ರಾನ್. ಅದು 0.2 ಇಂಚು. ಗೇಜಿನಲ್ಲಿ 29.72. ಈ 29.90ಕ್ಕೂ 29.72ಕ್ಕೂ ನಡುವಿನ ಜಾಗ ಮುಳ್ಳಿನ ದಪ್ಪದಷ್ಟೂ ಇಲ್ಲ. ಪೈಪಿನೊಳಗೆ ತೇವ ಹಾಗೇ ಕೂತಿದ್ದರೂ ಮುಳ್ಳು "ಎಲ್ಲಾ ಸರಿ" ಅನ್ನುತ್ತದೆ. ಲೆಕ್ಕ ಇಷ್ಟು ಸರಿ ಬಂದರೂ ಅದನ್ನು ಆ ಗೇಜಿನಲ್ಲಿ ಓದಲು ಆಗುವುದಿಲ್ಲ. ಅದಕ್ಕೇ ಮೈಕ್ರಾನ್ ಗೇಜ್ ಬೇಕು ಅನ್ನುವುದು. ಅದು ತಳದಿಂದ ಎಣಿಸುವುದರಿಂದ 500 ಅಂದರೆ ಕಾರವಾರದಲ್ಲೂ 500, ಶಿರಸಿಯಲ್ಲೂ 500. ಅದು ಆ ದಿನ ನನ್ನ ಹತ್ತಿರ ಇದ್ದಿದ್ದರೆ ಯಜಮಾನರ ಮುಂದೆ ಮಾನ ಉಳಿಯುತ್ತಿತ್ತು.

ಮಳೆಗಾಲದ ಕರಾವಳಿಯಲ್ಲಿ ಈ ತೇವವೇ ದೊಡ್ಡ ತಲೆನೋವು. 30 ಡಿಗ್ರಿ ಸೆಖೆಯಲ್ಲಿ ಪೈಪಿನೊಳಗಿನ ನೀರು ಕುದಿಯಲು ಒತ್ತಡ ಸುಮಾರು 32 ಟಾರ್‌ಗೆ ಇಳಿಯಬೇಕು. ಮೈಕ್ರಾನ್‌ನಲ್ಲಿ ಅದು 32,000. ಅಲ್ಲಿಂದ ಕೆಳಗೆ ಹೋದಷ್ಟೂ ನೀರು ಆವಿಯಾಗಿ ಹೊರಬರುತ್ತದೆ. 500 ತಲುಪಿದ ಮೇಲೆ ವಾಲ್ವ್ ಮುಚ್ಚಿ ಹತ್ತು ನಿಮಿಷ ಗೇಜ್ ನೋಡಿ. ಸಾಕಷ್ಟು ಏರಿ ಒಂದು ಕಡೆ ನಿಂತರೆ ಒಳಗೆ ತೇವ ಉಳಿದಿದೆ. ನಿಲ್ಲದೆ ಏರುತ್ತಲೇ ಹೋದರೆ ಲೀಕ್.

ಅಂದ ಹಾಗೆ, ಇಲ್ಲಿನ ಮೈಕ್ರಾನ್ ಅಂದರೆ ಪಾದರಸದ ಎತ್ತರ, ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನೀರಿನ ಫಿಲ್ಟರ್ ಮೇಲೆ ಬರೆದ ಮೈಕ್ರಾನ್ ರಂಧ್ರದ ಅಳತೆ. ಒಂದಕ್ಕೊಂದು ಸಂಬಂಧವಿಲ್ಲ. ಪಂಪಿನ ಕಾಗದದಲ್ಲಿ ಮಿಲಿಟಾರ್ ಅಂತಿದ್ದರೆ ಗಾಬರಿ ಬೇಡ, ಅದೂ ಮೈಕ್ರಾನೇ.

ಎಲ್ಲಿ ಸೊನ್ನೆ ಬದಲಿಸಬಾರದು

ಇಷ್ಟೆಲ್ಲ ಓದಿ, ಕಂಡ ಗೇಜಿಗೆಲ್ಲ ಅಬ್ಸಲ್ಯೂಟ್ ಲೆಕ್ಕ ಹಾಕಲು ಹೋಗಬೇಡಿ. ಕೆಲವು ಕೆಲಸಗಳಿಗೆ ಒಳಗೆ ಎಷ್ಟು ಉಳಿದಿದೆ ಅನ್ನುವುದು ಮುಖ್ಯವಲ್ಲ. ಹೊರಗಿಗೂ ಒಳಗಿಗೂ ಎಷ್ಟು ವ್ಯತ್ಯಾಸ ಅನ್ನುವುದೇ ಮುಖ್ಯ.

ಹಾಲು ಕರೆಯುವ ಮೆಷಿನ್ ಅಂಥದ್ದು. ಅದರ ವ್ಯಾಕ್ಯೂಮ್ ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್ ಒಳಗೆ ಇಡುತ್ತಾರೆ. ಪುಸ್ತಕದಲ್ಲಿ 44 ಕಿಲೋಪಾಸ್ಕಲ್ ಅಂತಿದ್ದು ನಿಮ್ಮ ಕೊಟ್ಟಿಗೆಯ ಗೇಜಿನಲ್ಲಿ ಇಂಚು ಇದ್ದರೆ, 44,000 ಅನ್ನು 3,386.4ರಿಂದ ಭಾಗಿಸಿ. 13 ಇಂಚು. ಮಿಲಿಮೀಟರ್ ಪಾದರಸ ಇದ್ದರೆ 330. ಅಷ್ಟೇ. ಶಿರಸಿ ಎತ್ತರದಲ್ಲಿದೆ ಅಂತ ಏನನ್ನೂ ಕೂಡಿಸಿ ಕಳೆಯಬೇಡಿ. ಆಕಳ ಮೊಲೆಗೆ ತಿಳಿಯುವುದು ಹೊರಗಿನ ಗಾಳಿಗೂ ಕಪ್ಪಿನ ಒಳಗಿಗೂ ಇರುವ ವ್ಯತ್ಯಾಸ ಮಾತ್ರ. ಇಲ್ಲಿ ತಪ್ಪು ಲೆಕ್ಕ ಹಾಕಿ ವ್ಯಾಕ್ಯೂಮ್ ಜಾಸ್ತಿ ಮಾಡಿದರೆ ಪೆಟ್ಟು ಮೊಲೆಗೆ ಬೀಳುತ್ತದೆ.

ತೋಟದ ಬಾವಿಯ ಮೋಟ್ರು ಇನ್ನೂ ಒಳ್ಳೆಯ ಉದಾಹರಣೆ. ಸಕ್ಷನ್ ಪೈಪಿಗೆ ಒಂದು ವ್ಯಾಕ್ಯೂಮ್ ಗೇಜ್ ಹಾಕಿ ನೋಡಿ, ಬಹಳ ಕಥೆ ಹೇಳುತ್ತದೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಆದ್ದರಿಂದ ಗೇಜಿನ ಒಂದು ಇಂಚು ಅಂದರೆ 13.6 ಇಂಚು ನೀರು, ಅಂದರೆ 1.13 ಅಡಿ. ಗೇಜ್ 15 ತೋರಿಸಿದರೆ ಮೋಟ್ರು 17 ಅಡಿ ನೀರಿನ ಭಾರ ಎಳೆಯುತ್ತಿದೆ. ಈಗ ಹಗ್ಗ ಬಿಟ್ಟು ನೋಡಿ. ನೀರು 12 ಅಡಿ ಕೆಳಗಿದೆ, ಗೇಜ್ ಮಾತ್ರ 20 ತೋರಿಸುತ್ತಿದೆ ಅಂದರೆ ಅದು 22 ಅಡಿಗೂ ಜಾಸ್ತಿ. ಉಳಿದ ಹತ್ತು ಅಡಿ ಎಲ್ಲಿ ಹೋಯ್ತು? ಸ್ವಲ್ಪ ಪೈಪಿನ ತಿಕ್ಕಾಟಕ್ಕೆ ಹೋಗುತ್ತದೆ, ಆದರೆ ಹತ್ತು ಅಡಿ ಹೋಗುವುದಿಲ್ಲ. ಪೈಪಿನ ಕೆಳತುದಿಯ ಫುಟ್‌ವಾಲ್ವಿಗೆ ಅಡಿಕೆ ಹಾಳೆಯ ಚೂರೋ ಕೊಳೆತ ಸೊಪ್ಪೋ ಸಿಕ್ಕಿದೆ, ಎತ್ತಿ ನೋಡಿ.

ಎತ್ತರದ ಲೆಕ್ಕ ಇಲ್ಲಿ ಬರುವುದು ಮಿತಿ ಕೇಳಿದಾಗ ಮಾತ್ರ. ನೀರನ್ನು ಮೇಲಕ್ಕೆ ದೂಡುವುದು ಹೊರಗಿನ ಗಾಳಿ. ಸಮುದ್ರ ಮಟ್ಟದಲ್ಲಿ ಅದು 10.33 ಮೀಟರ್ ದೂಡಬಲ್ಲದು, ಶಿರಸಿಯಲ್ಲಿ ಸುಮಾರು 9.6 ಮೀಟರ್. ಇದು ಪುಸ್ತಕದ ಲೆಕ್ಕ. ಆರೇಳು ಮೀಟರ್‌ಗಿಂತ ಆಳದಿಂದ ಎಳೆಯುವ ಆಸೆ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಕಾಲು ಜಾರುವ ಜಾಗಗಳು

ಚಿಕ್ಕ ಎಂ, ದೊಡ್ಡ ಎಂ. ಇಂಗ್ಲಿಷಿನಲ್ಲಿ ಮಿಲಿಗೆ ಚಿಕ್ಕ ಎಂ, ಮೆಗಾಕ್ಕೆ ದೊಡ್ಡ ಎಂ. ಮಿಲಿಪಾಸ್ಕಲ್‌ಗೂ ಮೆಗಾಪಾಸ್ಕಲ್‌ಗೂ ನೂರು ಕೋಟಿ ಪಟ್ಟು ವ್ಯತ್ಯಾಸ. ಕಾಗದದ ಮೇಲೆ ಅಕ್ಷರದ ಗಾತ್ರ ಮಾತ್ರ ಬೇರೆ. ಮಿಲಿಪಾಸ್ಕಲ್ ನಮ್ಮ ಅಂಗಡಿ ಕೆಲಸದಲ್ಲಿ ಬರುವುದೇ ಇಲ್ಲ, ಹಾಗಾಗಿ ಗೇಜಿನ ಮೇಲೆ ಕಂಡದ್ದು ಮೆಗಾ ಅಂತಲೇ ತಿಳಿಯಿರಿ.

ಘಾತ ಸಂಖ್ಯೆ. ಪಂಪಿನ ಮೇಲೆ 2 × 10⁻¹ ಪಾಸ್ಕಲ್ ಅಂತಿದ್ದರೆ ಅದು 0.2 ಪಾಸ್ಕಲ್, ಅಂದರೆ 1.5 ಮೈಕ್ರಾನ್. 5 × 10⁻² ಮಿಲಿಬಾರ್ ಅಂದರೆ 0.05 ಮಿಲಿಬಾರ್, ಅದು 5 ಪಾಸ್ಕಲ್, ಅದು 37.5 ಮೈಕ್ರಾನ್. ಮೈನಸ್ ಮೇಲೆ ಕೂತಿದ್ದರೆ ದಶಾಂಶ ಬಿಂದು ಎಡಕ್ಕೆ ಸರಿಯುತ್ತದೆ. ಇದಕ್ಕೂ ಗೇಜ್ ಒತ್ತಡದ ಮೈನಸ್ಸಿಗೂ ಸಂಬಂಧ ಇಲ್ಲ. ಎರಡು ಪಂಪ್ ಹೋಲಿಸುವಾಗ ಸಂಖ್ಯೆಯ ಮೊದಲ ಅಂಕಿ ನೋಡಿ ಮರುಳಾಗಬೇಡಿ, ಮೇಲಿನ ಚಿಕ್ಕ ಅಂಕಿ ನೋಡಿ.

ಕೆಜಿ ಗೇಜು. ಪ್ರೆಶರ್, ವ್ಯಾಕ್ಯೂಮ್ ಎರಡನ್ನೂ ತೋರಿಸುವ ಹಳೆಯ ಕಾಂಪೌಂಡ್ ಗೇಜುಗಳಲ್ಲಿ ಮೈನಸ್ 1 ಕೆಜಿ ಅಂತ ಕೊನೆಯ ಗೆರೆ ಇರುತ್ತದೆ. ಅದನ್ನು ಪೂರ್ತಿ ವ್ಯಾಕ್ಯೂಮ್ ಅಂತ ತಿಳಿಯುವವರು ಜಾಸ್ತಿ. ಸಮುದ್ರ ಮಟ್ಟದಲ್ಲಿ ಪೂರ್ತಿ ವ್ಯಾಕ್ಯೂಮ್ ಅಂದರೆ ಮೈನಸ್ 1.033 ಕೆಜಿ. ಶಿರಸಿಯಲ್ಲಿ ಮೈನಸ್ 0.963. ಅಂದರೆ ಕಾರವಾರದಲ್ಲಿ ಮುಳ್ಳು ಗೆರೆ ದಾಟಬೇಕು, ಶಿರಸಿಯಲ್ಲಿ ಗೆರೆ ಮುಟ್ಟಲೇಬಾರದು. ಮುಟ್ಟಿದರೆ ಗೇಜ್ ಕೆಟ್ಟಿದೆ.

ಗ್ಲಿಸರಿನ್ ಗೇಜಿನ ತುಂಟತನ

ಮುಳ್ಳು ಅದುರದಿರಲಿ ಅಂತ ಕೆಲವು ಗೇಜುಗಳ ಒಳಗೆ ಗ್ಲಿಸರಿನ್ ತುಂಬಿರುತ್ತಾರೆ. ಅದರ ಡಬ್ಬಿ ಪೂರ್ತಿ ಮುಚ್ಚಿರುತ್ತದೆ. ಮೇಲ್ಗಡೆ ಬೆರಳ ತುದಿಯಷ್ಟು ದೊಡ್ಡ ರಬ್ಬರ್ ಬಿರಡೆ ಇರುತ್ತದೆ. ಕಾರವಾರದಲ್ಲಿ ಬಿರಡೆ ಮುಚ್ಚಿ ಮೇಲೆ ಒಯ್ದರೆ ಡಬ್ಬಿಯೊಳಗೆ ಕಾರವಾರದ ಗಾಳಿಯೇ ಸೆರೆಯಾಗಿರುತ್ತದೆ. ಶಿರಸಿಯಲ್ಲಿ ಯಾವುದಕ್ಕೂ ಜೋಡಿಸದೆ ಸುಮ್ನೆ ಟೇಬಲ್ ಮೇಲೆ ಇಟ್ಟರೂ ಮುಳ್ಳು ಸುಮಾರು ಎರಡು ಇಂಚು ವ್ಯಾಕ್ಯೂಮ್ ತೋರಿಸುತ್ತದೆ. ಕಟ್ಟೆಯನ್ನೇ ಹೊತ್ತು ತಂದ ಹಾಗೆ. ಅಂಥ ಗೇಜ್ ಶಿರಸಿಯಲ್ಲೂ 30ರ ಹತ್ತಿರ ಹೋಗುತ್ತದೆ, ಅದೂ ಸುಳ್ಳೇ.

ಬಿರಡೆಯ ಅಂಚನ್ನು ಉಗುರಿನಿಂದ ಸ್ವಲ್ಪ ಎತ್ತಿ. ಟುಸ್ಸೆಂದು ಗಾಳಿ ಬಿಟ್ಟು ಮುಳ್ಳು ಸೊನ್ನೆಗೆ ಬಂದು ಕೂರುತ್ತದೆ. ಗೇಜನ್ನು ನೆಟ್ಟಗೆ ಹಿಡಿದಿರಿ, ಇಲ್ಲದಿದ್ದರೆ ಗ್ಲಿಸರಿನ್ ಅಂಗಿಗೆ ಸುರಿಯುತ್ತದೆ. ವಾಪಸ್ ಘಟ್ಟ ಇಳಿದ ಮೇಲೆ ಇನ್ನೊಮ್ಮೆ ಎತ್ತಬೇಕು. ಈಗ ಮುಳ್ಳು ಸೊನ್ನೆಯ ಆ ಕಡೆ, ಪ್ರೆಶರ್ ಇರುವ ಹಾಗೆ ತೋರಿಸುತ್ತಿರುತ್ತದೆ.

ನನ್ನ ಮ್ಯಾನಿಫೋಲ್ಡ್ ಗೇಜಿನ ಗಾಜಿನ ಮೇಲೆ ಈಗ ಮಾರ್ಕರ್‌ನಲ್ಲಿ ಎರಡು ಗೆರೆ ಇವೆ. 29.9ರ ಹತ್ತಿರ "ಕಾ", 27.9ರ ಹತ್ತಿರ "ಶಿ". ಬೆವರಿಗೆ ಅಳಿಸಿ ಹೋಗುತ್ತದೆ, ತಿಂಗಳಿಗೊಮ್ಮೆ ಮತ್ತೆ ಎಳೆಯುತ್ತೇನೆ.